ಹಿಳುಕಿನ ಬಣ್ಣ: ಇಶಿಯ ಬಾಣಗಳನ್ನು ಕುರಿತು

ಬಿಲ್ಲುಬಾಣಗಳ ಪ್ರಸ್ತಾಪ ಬಂದೊಡನೆ ಕನ್ನಡ ವಾಚಕರ ಮನಸ್ಸು ಸಹಜವಾಗಿಯೇ ಮಹಾಕಾವ್ಯಗಳ ರಣರಂಗದತ್ತ ಹರಿಯುತ್ತದೆ. ಅಲ್ಲಿ ಬಾಣದ ವೇಗವುಂಟು, ಅಲಗಿನ ಹೊಳಪುಂಟು, ಹೆದೆಯ ಟಂಕಾರವುಂಟು. ಆದರೆ ಆ ಬಾಣವನ್ನು ಮಾಡಿದವನ ಕೈಯ ಸುದ್ದಿ ಮಾತ್ರ ಕಾವ್ಯಗಳಲ್ಲಿ ವಿರಳ. ಕಾಡಿನಿಂದ ಕಡ್ಡಿಯನ್ನು ಆಯ್ದು ತಂದು, ಅದರ ಸೊಟ್ಟನ್ನು ತಿದ್ದಿ, ಉಜ್ಜಿ ನಯಗೊಳಿಸಿ, ಗರಿ ಕಟ್ಟುವ ಭಾಗಕ್ಕೆ ಬಣ್ಣ ಬಳಿದು ಒಣಗಲಿಟ್ಟವನಾರು, ಆ ಬಣ್ಣವನ್ನು ಅವನು ಎಲ್ಲಿಂದ ತಂದ, ಏಕೆ ಬಳಿದ ಎಂಬ ಪ್ರಶ್ನೆಗಳನ್ನು ಇತಿಹಾಸಕಾರರೂ ಹೆಚ್ಚಾಗಿ ಕೇಳಿದವರಲ್ಲ. ಪ್ರಕೃತ ಲೇಖನದಲ್ಲಿ ಈ ಸಣ್ಣ ವಿಷಯವನ್ನು ಎತ್ತಿಕೊಂಡಿದ್ದೇನೆ. ವಾಚಕರಲ್ಲಿ ಹಲವರಿಗೆ ಬೇಟೆಯ ಮಾತೇ ರುಚಿಸದಿರಬಹುದು. ಇಲ್ಲಿ ಹೇಳಹೊರಟಿರುವುದು ಕೊಲೆಯ ಕಥೆಯಲ್ಲ, ಕೈಕೆಲಸದ ಕಥೆಯೆಂದು ಭಾವಿಸಿ ಓದಬೇಕೆಂದು ಪ್ರಾರ್ಥಿಸುತ್ತೇನೆ.

ಸಂಸ್ಕೃತ ನಾಟಕಗಳನ್ನು ಬಲ್ಲವರಿಗೆ ಕಾಳಿದಾಸನ ವಿಕ್ರಮೋರ್ವಶೀಯದ ಐದನೆಯ ಅಂಕ ನೆನಪಿರಬಹುದು. ರಾಜನ ಮಣಿಯನ್ನು ಹದ್ದೊಂದು ಎತ್ತಿಕೊಂಡು ಹೋಗುತ್ತದೆ. ಯಾರೋ ಬಿಟ್ಟ ಬಾಣಕ್ಕೆ ಸಿಕ್ಕಿ ಅದು ಸಾಯುತ್ತದೆ. ಮಣಿಯೊಂದಿಗೆ ಆ ಬಾಣವನ್ನೂ ರಾಜನ ಬಳಿಗೆ ತರುತ್ತಾರೆ. ಬಾಣದ ಮೇಲೆ ಹೆಸರು ಬರೆದಿದೆ. ಅದನ್ನು ಓದಿದಾಗಲೇ ಪುರೂರವನಿಗೆ ತನಗೂ ಊರ್ವಶಿಗೂ ಆಯುಸ್ ಎಂಬ ಮಗನೊಬ್ಬನಿದ್ದಾನೆಂದು ತಿಳಿಯುವುದು. ಬಾಣದ ಕೋಲಿನ ಮೇಲಿನ ಗುರುತೇ ಇಲ್ಲಿ ತಂದೆಗೆ ಮಗನನ್ನು ತೋರಿಸಿಕೊಟ್ಟಿತು. ಬಿಟ್ಟ ಬಾಣ ಬಿಟ್ಟವನ ಕೈಯಿಂದ ದೂರವಾಗಿಬಿಡುವ ವಸ್ತು. ಕತ್ತಿಯಂತೆ ಅದು ಒಡೆಯನ ಸೊಂಟದಲ್ಲಿ ಉಳಿಯುವುದಿಲ್ಲ. ಆದುದರಿಂದಲೇ ಅದಕ್ಕೆ ಗುರುತು ಬೇಕು. ಕಾಳಿದಾಸ ಈ ಸಾಮಾನ್ಯ ಸಂಗತಿಯನ್ನೇ ನಾಟಕದ ಕೀಲಾಗಿ ಬಳಸಿಕೊಂಡನು.

ಬಾಣದ ಹಿಂತುದಿಗೆ, ಗರಿ ಕಟ್ಟಿ ಹೆದೆಗೆ ಹೂಡುವ ಭಾಗಕ್ಕೆ, ನಮ್ಮಲ್ಲಿ ಹಿಳುಕು ಎಂಬ ಒಳ್ಳೆಯ ಮಾತಿದೆ. ಹಳಗನ್ನಡದ ಓದುಗರಿಗೆ ಅದು ಪರಿಚಿತವೇ. ಬಣ್ಣ ಬಳಿಯುವುದು ಬಹುತೇಕ ಈ ಭಾಗಕ್ಕೇ. ಅದಕ್ಕೆ ಮೂರು ಕಾರಣಗಳನ್ನು ಹೇಳಬಹುದು. ಒಂದನೆಯದಾಗಿ, ಗರಿಯನ್ನು ಹಿಡಿದಿರುವ ಅಂಟು ಮತ್ತು ನಾರಿಗೆ ತೇವ ತಗಲದಂತೆ ಅದು ಕಾಯುತ್ತದೆ. ಮರ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಎರಡರ ನಡುವೆ ಸೊಟ್ಟಗಾಗುತ್ತದೆ. ಸೊಟ್ಟ ಬಾಣ ನೆಟ್ಟಗೆ ಹೋಗದು. ಎರಡನೆಯದಾಗಿ, ಹುಲ್ಲು ಪೊದೆಗಳಲ್ಲಿ ಹೂತುಹೋದ ಬಾಣವನ್ನು ಹುಡುಕಲು ಅದು ನೆರವಾಗುತ್ತದೆ. ಬಾಣ ನೆಲಕ್ಕೆ ನಾಟಿದಾಗ ಮೇಲೆ ಉಳಿಯುವುದು ಹಿಳುಕೇ ತಾನೆ! ಮೂರನೆಯದು, ಮೇಲೆ ಹೇಳಿದ ಒಡೆತನದ ಗುರುತು. ಇಬ್ಬರು ಬೇಟೆಗಾರರು ಒಂದೇ ಪ್ರಾಣಿಗೆ ಗುರಿಯಿಟ್ಟಾಗ ವಿವಾದವನ್ನು ಬಿಡಿಸುವುದು ಬಣ್ಣದ ಪಟ್ಟಿಗಳೇ.

ಈ ರಕ್ಷಣೆಯ ಚಿಂತೆ ಬಹಳ ಹಳೆಯದು. ೧೯೯೧ರ ಸೆಪ್ಟೆಂಬರಿನಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ದೊರೆತ, ಸುಮಾರು ೫೩೦೦ ವರ್ಷಗಳ ಹಿಂದಿನ ಮನುಷ್ಯನ ಬತ್ತಳಿಕೆಯಲ್ಲಿ ೧೪ ಬಾಣದ ಕೋಲುಗಳಿದ್ದವು. ಅವುಗಳಲ್ಲಿ ಎರಡು ಮಾತ್ರ ಪೂರ್ಣಗೊಂಡಿದ್ದವು. ಆ ಎರಡರಲ್ಲಿ ಗರಿಗಳನ್ನು ಬರ್ಚ್ ಮರದ ತೊಗಟೆಯಿಂದ ಇಳಿಸಿದ ಕರಿಯ ಟಾರಿನಿಂದ ಅಂಟಿಸಿ, ಮೇಲೆ ಸಣ್ಣ ದಾರ ಸುತ್ತಲಾಗಿತ್ತು. ಇಂಗ್ಲೆಂಡಿನ ಮೇರಿ ರೋಸ್ ಎಂಬ ಯುದ್ಧನೌಕೆ ೧೫೪೫ರ ಜುಲೈ ೧೯ರಂದು ಮುಳುಗಿತು. ೧೯೮೨ರಲ್ಲಿ ಮೇಲೆತ್ತಲಾದ ಆ ಹಡಗಿನಿಂದ ದೊರೆತ ಸಾವಿರಾರು ಬಾಣಗಳಲ್ಲಿ ಹೆಚ್ಚಿನವು ಪಾಪ್ಲರ್ ಎಂಬ ಹಗುರ ಮರದವು. ಗರಿ ಕಟ್ಟಿದ ಜಾಗದ ಲೇಪದಲ್ಲಿ ತಾಮ್ರದ ಹಸಿರು ಅಂಶ ಕಂಡುಬಂದಿತು. ಹುಳುಹುಪ್ಪಟೆಗಳು ಗರಿಯನ್ನು ತಿನ್ನದಿರಲೆಂದು ಅದನ್ನು ಬೆರೆಸಿದ್ದಿರಬೇಕೆಂದು ಊಹಿಸಲಾಗಿದೆ. ಕಾಕತಾಳೀಯವೆಂಬಂತೆ, ಆ ಹಡಗು ಮುಳುಗಿದ ೧೫೪೫ರಲ್ಲಿಯೇ ರಾಜರ್ ಆಸ್ಕಮ್ ತನ್ನ ಧನುರ್ವಿದ್ಯೆಯ ಗ್ರಂಥವಾದ ಟಾಕ್ಸೊಫಿಲಸನ್ನು ಪ್ರಕಟಿಸಿ, ಬಾಣಕ್ಕೆ ಯಾವ ಯಾವ ಮರ ಆಗುತ್ತದೆಂದು ಉದ್ದದ ಪಟ್ಟಿಯನ್ನೇ ಕೊಟ್ಟನು. ಇವೆಲ್ಲ ಇರಲಿ. ಸತ್ತವನ ಬತ್ತಳಿಕೆಯಾಗಲಿ ಮುಳುಗಿದ ಹಡಗಾಗಲಿ ವಸ್ತುವನ್ನು ಕೊಡುತ್ತದೆಯೇ ಹೊರತು ಮಾಡಿದವನ ಮಾತನ್ನು ಕೊಡುವುದಿಲ್ಲ. ಬಾಣ ಮಾಡುವವನ ಪಕ್ಕದಲ್ಲಿ ಕುಳಿತು, ನೋಡಿ, ಕೇಳಿ, ಬರೆದಿಟ್ಟ ದಾಖಲೆ ಜಗತ್ತಿನಲ್ಲಿ ಬಹಳ ಅಪರೂಪ. ಅಂತಹ ಒಂದು ದಾಖಲೆ ಅಮೆರಿಕದ ಕ್ಯಾಲಿಫೋರ್ನಿಯದಿಂದ ನಮಗೆ ಬಂದಿದೆ.

೧೯೧೧ರ ಆಗಸ್ಟ್ ೨೯ರಂದು ಉತ್ತರ ಕ್ಯಾಲಿಫೋರ್ನಿಯದ ಓರೊವಿಲ್ ಪಟ್ಟಣದ ಹೊರವಲಯದ ಒಂದು ಕಸಾಯಿಖಾನೆಯ ದೊಡ್ಡಿಯ ಬಳಿ ಹಸಿವಿನಿಂದ ಬಳಲಿದ ಮಧ್ಯವಯಸ್ಸಿನ ಆದಿವಾಸಿಯೊಬ್ಬನು ಕಾಣಿಸಿಕೊಂಡನು. ಅವನ ಭಾಷೆ ಅಲ್ಲಿ ಯಾರಿಗೂ ತಿಳಿಯದು. ಬೇರೆಲ್ಲಿ ಇಡಬೇಕೆಂದು ತೋರದೆ ಅಧಿಕಾರಿಗಳು ಅವನನ್ನು ಸೆರೆಮನೆಯಲ್ಲಿಟ್ಟರು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಮಾನವಶಾಸ್ತ್ರಜ್ಞ ವಾಟರ್‌ಮನ್ ಅಲ್ಲಿಗೆ ಬಂದು, ಯಾನಾ ಭಾಷೆಯ ಪದಗಳ ಪಟ್ಟಿಯನ್ನು ಒಂದೊಂದಾಗಿ ಓದಿ, ಕೊನೆಗೆ ಆ ವ್ಯಕ್ತಿಗೆ ಅರ್ಥವಾಗುವ ಮಾತೊಂದನ್ನು ಮುಟ್ಟಿದನು. ಅವನು ಯಾನಾ ಜನರ ದಕ್ಷಿಣದ ಕವಲಾದ ಯಾಹಿ ಕುಲದವನು. ೧೮೪೯ರ ಚಿನ್ನದ ಬೇಟೆಯ ತರುವಾಯ ಬಿಳಿಯ ವಲಸೆಗಾರರು ನಡೆಸಿದ ಹತ್ಯೆಗಳಲ್ಲಿ, ವಿಶೇಷವಾಗಿ ೧೮೬೦ರ ದಶಕದಲ್ಲಿ, ಆ ಕುಲ ಬಹುಮಟ್ಟಿಗೆ ನಾಶವಾಗಿತ್ತು. ಅಳಿದುಳಿದ ಕೆಲವರು ಲಾಸೆನ್ ಪರ್ವತದ ತಪ್ಪಲಿನ ಡೀರ್ ಕ್ರೀಕ್ ಮತ್ತು ಮಿಲ್ ಕ್ರೀಕ್ ಕಣಿವೆಗಳಲ್ಲಿ ದಶಕಗಳ ಕಾಲ ಅಡಗಿ ಬಾಳಿದರು. ೧೯೦೮ರ ನವೆಂಬರಿನಲ್ಲಿ ಮೋಜಣಿ ತಂಡವೊಂದು ಅವರ ಬೀಡಿನ ಮೇಲೆ ಅನಿರೀಕ್ಷಿತವಾಗಿ ಬಂದು, ಅಲ್ಲಿದ್ದ ಸಾಮಾನುಗಳನ್ನು ಎತ್ತಿಕೊಂಡು ಹೋಯಿತು. ಮುದುಕಿಯಾದ ತಾಯಿ ಅನಂತರ ಹೆಚ್ಚು ದಿನ ಬದುಕಲಿಲ್ಲ. ಉಳಿದ ಇಬ್ಬರು ಮತ್ತೆ ಕಾಣಿಸಲೇ ಇಲ್ಲ. ಹೀಗೆ ಆ ಮನುಷ್ಯ ಒಂಟಿಯಾದನು.

ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು ಅವನ ಕುಲದಲ್ಲಿ ಸಲ್ಲದು. ಹೇಳಿಕೊಡಬಲ್ಲ ಇನ್ನೊಬ್ಬನು ಬದುಕಿರಲಿಲ್ಲ. ಮಾನವಶಾಸ್ತ್ರಜ್ಞ ಕ್ರೋಬರ್ ಅವನನ್ನು ‘ಇಶಿ’ ಎಂದು ಕರೆದನು. ಯಾನಾ ಭಾಷೆಯಲ್ಲಿ ಅದರ ಅರ್ಥ ‘ಮನುಷ್ಯ’ ಎಂದಷ್ಟೆ. ಅವನ ನಿಜನಾಮ ಇಂದಿಗೂ ಯಾರಿಗೂ ತಿಳಿಯದು.

ಇಶಿಯನ್ನು ಸಾನ್‌ಫ್ರಾನ್ಸಿಸ್ಕೊ ನಗರದ ಮಾನವಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಯಿತು. ಕಟ್ಟಡದ ಗುಡಿಸುವ ಒರೆಸುವ ಕೆಲಸಕ್ಕೆ ಸಹಾಯಕನನ್ನಾಗಿ ನೇಮಿಸಿ ತಿಂಗಳಿಗೆ ೨೫ ಡಾಲರ್ ಸಂಬಳ ಕೊಟ್ಟರು. ಭಾನುವಾರಗಳಂದು ಬಂದ ಜನರೆದುರು ಅವನು ಬಾಣದ ಮೊನೆಗಳನ್ನು ಕೆತ್ತಿ ತೋರಿಸುತ್ತಿದ್ದನು. ಪಕ್ಕದಲ್ಲಿಯೇ ವೈದ್ಯಕೀಯ ಶಾಲೆ. ೧೯೧೨ರಲ್ಲಿ ಅಲ್ಲಿಗೆ ಶಸ್ತ್ರಚಿಕಿತ್ಸೆಯ ಬೋಧಕನಾಗಿ ಬಂದ ಡಾಕ್ಟರ್ ಸ್ಯಾಕ್ಸ್‌ಟನ್ ಪೋಪ್ ಇಶಿಯ ವೈದ್ಯನೂ ಆದನು, ಶಿಷ್ಯನೂ ಆದನು. ಬಿಲ್ಲು ಹಿಡಿಯುವುದನ್ನು ಅವನಿಂದ ಕಲಿತನು. ತಾನು ಕಂಡದ್ದನ್ನು ೧೯೧೮ರಲ್ಲಿ ಯಾಹಿ ಧನುರ್ವಿದ್ಯೆಯನ್ನು ಕುರಿತ ಪ್ರಬಂಧದಲ್ಲಿಯೂ, ೧೯೨೩ರಲ್ಲಿ ಬಿಲ್ಲುಬಾಣಗಳ ಬೇಟೆಯನ್ನು ಕುರಿತ ಪುಸ್ತಕದಲ್ಲಿಯೂ ಬರೆದಿಟ್ಟನು. ಮುಂದಿನ ವಿವರಗಳಿಗೆ ಪೋಪನ ಈ ಬರಹಗಳೇ ಆಧಾರ.

ಇಶಿ ಬಾಣಕ್ಕೆ ಆರಿಸುತ್ತಿದ್ದುದು ಹೇಜಲ್ ಜಾತಿಯ ಪೊದೆಯ ನೆಟ್ಟನೆಯ ಕಡ್ಡಿಗಳನ್ನು. ಅವು ಕಿರುಬೆರಳಿನಷ್ಟು ದಪ್ಪ. ಸಿಪ್ಪೆ ಸುಲಿದು, ಕಟ್ಟು ಕಟ್ಟಿ, ನೆರಳಿನಲ್ಲಿ ಒಣಗಲು ಇಡುತ್ತಿದ್ದನು. ಒಣಗಿದ ಮೇಲೆ ಸೊಟ್ಟವಿರುವ ಕಡೆ ಕೆಂಡದ ಮೇಲೆ ಕಾಯಿಸಿ, ಕೈಯಿಂದ ಬಾಗಿಸಿ ನೆಟ್ಟಗೆ ಮಾಡುವನು. ತರುವಾಯ ಎರಡು ಮರಳುಗಲ್ಲಿನ ತುಂಡುಗಳ ನಡುವೆ ಕಡ್ಡಿಯನ್ನಿಟ್ಟು, ತೊಡೆಯ ಮೇಲೆ ಹೊರಳಿಸುತ್ತ ಉಜ್ಜಿದರೆ ಅದು ದುಂಡಗೆ ನಯವಾಗುವುದು. ಐದೈದು ಬಾಣಗಳನ್ನು ಒಟ್ಟಿಗೆ ಮಾಡುವುದು ಅವನ ರೂಢಿ. ಒಂದು ಹಂತವನ್ನು ಐದಕ್ಕೂ ಮುಗಿಸಿದ ಮೇಲೆಯೇ ಮುಂದಿನ ಹಂತ. ಈ ಐದರ ಲೆಕ್ಕವನ್ನು ವಾಚಕರು ನೆನಪಿನಲ್ಲಿಡಬೇಕು.

ಇನ್ನು ಬಣ್ಣದ ಮಾತು. ತನ್ನ ಕುಲದವರು ಹಿಂದೆ ಯಾವುದನ್ನು ಬಳಸುತ್ತಿದ್ದರೆಂದು ಇಶಿ ಹೇಳಿದ್ದನ್ನು ಪೋಪ್ ಬರೆದುಕೊಂಡಿದ್ದಾನೆ. ಕೆಂಪಿಗೆ ಹಿಂಗುಳ, ಕಪ್ಪಿಗೆ ಟ್ರೌಟ್ ಮೀನಿನ ಕಣ್ಣಿನೊಳಗಿನ ಬಣ್ಣ, ಹಸಿರಿಗೆ ಕಾಡು ಈರುಳ್ಳಿಯ ರಸ, ನೀಲಿಗೆ ಯಾವುದೋ ಗಿಡದ ಬೇರು. ಇವನ್ನು ಮರದ ರಸ ಅಥವಾ ಅಂಟಿನೊಡನೆ ಕಲಸಿ, ಸಣ್ಣ ಕಡ್ಡಿಯಿಂದ ಬಳಿಯುವುದು. ಇಲ್ಲವೆ, ನರಿಯ ಬಾಲದ ಕೂದಲನ್ನು ಹಕ್ಕಿಯ ಗರಿಯ ಟೊಳ್ಳಿನೊಳಗೆ ಎಳೆದು ಮಾಡಿದ ಕುಂಚದಿಂದ ಬಳಿಯುವುದು. ಚಿತ್ರದ ಮಾದರಿಯೂ ನಿಶ್ಚಿತವಾಗಿತ್ತು. ಹಿಂತುದಿಯಿಂದ ಎರಡು ಅಂಗುಲ ಬಿಟ್ಟು, ಅಲ್ಲಿಂದ ನಾಲ್ಕು ಅಂಗುಲದವರೆಗೆ ಹಸಿರು ಮತ್ತು ಕಪ್ಪು ಉಂಗುರಗಳು ಒಂದಾದ ಮೇಲೊಂದು. ಅದಿಲ್ಲವಾದರೆ ಅಷ್ಟೇ ಜಾಗದಲ್ಲಿ ಚುಕ್ಕಿಗಳು, ಹಾವಿನಂತೆ ಹರಿಯುವ ಗೆರೆಗಳು. ಬಣ್ಣ ಬಳಿದ ಭಾಗದ ಮೇಲೆ ತೆಳುವಾದ ಅಂಟನ್ನು ಸವರಿ, ಜಿಂಕೆಯ ನರವನ್ನು ಬಾಯಲ್ಲಿ ಮೆದುಗೊಳಿಸಿಕೊಂಡು, ಮೂರು ಗರಿಗಳನ್ನು ಅದರಿಂದ ಬಿಗಿದು ಕಟ್ಟುತ್ತಿದ್ದನು. ಹದ್ದಿನ ಗರಿ, ಗಿಡುಗದ ಗರಿ, ಸಿಕ್ಕಿದ್ದರಲ್ಲಿ ಯೋಗ್ಯವಾದದ್ದು. ನಗರಕ್ಕೆ ಬಂದ ಮೇಲೆ ಸಾಕಿದ ಟರ್ಕಿ ಕೋಳಿಯದೂ ಆಯಿತು.

ಈ ಪಟ್ಟಿಯನ್ನು ಗಮನಿಸಿದರೆ ಇದರಲ್ಲಿ ಹಣ ಕೊಟ್ಟು ತರುವ ಪದಾರ್ಥ ಒಂದೂ ಇಲ್ಲವೆಂಬುದು ಸ್ಪಷ್ಟವಾಗುತ್ತದೆ. ಅಡುಗೆಗೆ ತಂದ ಮೀನಿನ ಕಣ್ಣು, ಬೇಟೆಯಾದ ಜಿಂಕೆಯ ನರ, ಉದುರಿದ ಗರಿ! ಆದರೆ ಇದನ್ನು ‘ಪ್ರಕೃತಿಯ ಮಡಿಲಿನ ಸರಳ ಜೀವನ’ವೆಂದು ಹಾಡಿ ಹೊಗಳುವ ಅಭ್ಯಾಸ ಕೆಲವು ಲೇಖಕರಲ್ಲಿದೆ, ಅದು ನನಗೆ ಒಪ್ಪಿಗೆಯಿಲ್ಲ. ಬೆನ್ನಟ್ಟಿ ಕೊಲ್ಲುವವರಿಂದ ಅಡಗಿ, ಹೊಗೆ ಮೇಲೇಳದಂತೆ ಬೆಂಕಿ ಉರಿಸಿಕೊಂಡು ಬದುಕುತ್ತಿದ್ದವರ ಮಿತವ್ಯಯ ಅದು. ಇಶಿಯೂ ಹಳೆಯದೆಂಬ ಕಾರಣಕ್ಕೆ ಹಳೆಯದನ್ನು ಹಿಡಿದು ಕುಳಿತವನಲ್ಲ. ಅಗ್ನಿಪರ್ವತದ ಗಾಜಿನ ಕಲ್ಲು ಸಿಗದಿದ್ದಾಗ ಬಿಳಿಯರು ಎಸೆದ ಸೀಸೆಯ ಚೂರುಗಳಿಂದ ಮೊನೆ ಕೆತ್ತಿದನು. ಸಾನ್‌ಫ್ರಾನ್ಸಿಸ್ಕೊಗೆ ಬಂದ ಮೇಲೆ ಮೀನಿನ ಕಣ್ಣನ್ನೂ ಕಾಡು ಈರುಳ್ಳಿಯನ್ನೂ ಬಿಟ್ಟು, ಬಣ್ಣದ ಪುಡಿಯನ್ನು ಷೆಲ್ಲ್ಯಾಕಿನಲ್ಲಿ, ಎಂದರೆ ಅರಗಿನ ದ್ರವದಲ್ಲಿ ಕಲಸಿ ಬಳಿಯತೊಡಗಿದನು. ಎಣ್ಣೆಬಣ್ಣಕ್ಕಿಂತ ಅದನ್ನೇ ಅವನು ಇಷ್ಟಪಟ್ಟನು, ಏಕೆಂದರೆ ಅದು ಬೇಗ ಒಣಗುತ್ತದೆ.

ಈ ಆಯ್ಕೆಯಲ್ಲಿ ಕಸಬುದಾರನ ಪೂರ್ಣ ವಿವೇಕವಿದೆ. ಎಣ್ಣೆಬಣ್ಣ ಗಾಳಿಯೊಡನೆ ಸೇರಿ ನಿಧಾನವಾಗಿ ಗಟ್ಟಿಯಾಗುವ ವಸ್ತು. ಒಂದು ಲೇಪ ಒಣಗಲು ದಿನವೇ ಹಿಡಿಯಬಹುದು. ಅರಗನ್ನು ಮದ್ಯಸಾರದಲ್ಲಿ ಕರಗಿಸಿದ ದ್ರವವಾದರೋ ಮದ್ಯಸಾರ ಆರಿಹೋದೊಡನೆ, ಕೆಲವೇ ನಿಮಿಷಗಳಲ್ಲಿ, ಗಟ್ಟಿಯಾದ ಹೊದಿಕೆಯಾಗಿ ಉಳಿಯುತ್ತದೆ. ಹಸಿರು ಉಂಗುರದ ಪಕ್ಕದಲ್ಲಿ ಕಪ್ಪು ಉಂಗುರ ಎಳೆಯುವವನಿಗೆ ಮೊದಲನೆಯದು ಬೇಗ ಒಣಗುವುದು ಎಷ್ಟು ಅಗತ್ಯವೆಂಬುದನ್ನು ಹೇಳಬೇಕಾಗಿಲ್ಲ. ಅರಗಿಗೂ ದೋಷವುಂಟು. ಬಹಳ ಹೊತ್ತು ನೀರು ತಗಲಿದರೆ ಅದರ ಮೇಲೆ ಬೆಳ್ಳಗಿನ ಮಸುಕು ಮೂಡುತ್ತದೆ.

ಅರಗಿನ ಹೆಸರು ಬಂದಾಗ ನಾವು ಸ್ವಲ್ಪ ನಿಲ್ಲಬೇಕು. ಪಾಂಡವರ ಅರಗಿನ ಮನೆಯ ಕಥೆಯನ್ನು ಬಲ್ಲ ನಮಗೆ ಇದು ಹೊಸ ವಸ್ತುವಲ್ಲ. ಮುತ್ತುಗ, ಬೋರೆ ಮುಂತಾದ ಮರಗಳ ಎಳೆಗೊಂಬೆಗಳ ಮೇಲೆ ಕುಳಿತು ರಸ ಹೀರುವ ಸಣ್ಣ ಕೀಟ ಸ್ರವಿಸುವ ಅಂಟೇ ಅರಗು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಗತ್ತಿನ ಅರಗಿನ ವ್ಯಾಪಾರ ಬಹುಮಟ್ಟಿಗೆ ಭಾರತದ ಕೈಯಲ್ಲಿತ್ತು. ಛೋಟಾನಾಗಪುರದ ಕಾಡುಗಳಲ್ಲಿ ಆದಿವಾಸಿಗಳು ಕಿತ್ತು ತಂದ ಅರಗು ಕಲ್ಕತ್ತೆಯ ಬಂದರಿನಿಂದ ಹಡಗನ್ನೇರುತ್ತಿತ್ತು. ಆ ಕಾಲದ ಗ್ರಾಮಫೋನ್ ತಟ್ಟೆಗಳೂ ಅದರಿಂದಲೇ ಆಗುತ್ತಿದ್ದವು. ಹಾಗಾದರೆ ಇಶಿಯ ಬಾಣದ ಮೇಲೆ ಹೊಳೆದ ಅರಗೂ ನಮ್ಮ ದೇಶದ ಯಾವುದೋ ಮುತ್ತುಗದ ಮರದ್ದೇ ಆಗಿದ್ದಿರಬೇಕೆಂದು ಊಹಿಸುವುದು ಅತಿಯಾಗಲಾರದು. ಚನ್ನಪಟ್ಟಣದ ಬೊಂಬೆ ಮಾಡುವವರ ಕೆಲಸವನ್ನು ನೋಡಿದವರಿಗೆ ಇನ್ನೊಂದು ಸಾಮ್ಯ ತೋರುತ್ತದೆ. ಅಲ್ಲಿ ಆಲೆಮರದ ತುಂಡು ಚರಕಿಯ ಮೇಲೆ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಉಂಗುರವಾಗಿ ಅಂಟುತ್ತದೆ. ಬಾಣಕ್ಕೆ ಪಟ್ಟಿ ಬರೆಯುವ ಆಧುನಿಕ ಪಾಶ್ಚಾತ್ಯರೂ ಕೋಲನ್ನು ಸಣ್ಣ ಯಂತ್ರದಲ್ಲಿ ತಿರುಗಲು ಬಿಟ್ಟು, ಕುಂಚವನ್ನು ಅಲುಗಾಡದಂತೆ ಹಿಡಿಯುತ್ತಾರೆ. ವಸ್ತು ತಿರುಗಬೇಕು, ಕೈ ನಿಲ್ಲಬೇಕು ಎಂಬ ತತ್ತ್ವ ಎರಡು ಕಡೆಯೂ ಒಂದೇ.

ಪೋಪ್ ತನ್ನ ಬಾಣಗಳಿಗೆ ಇಶಿಯಂತೆ ಕಾಡಿನ ಕಡ್ಡಿಯನ್ನು ಹುಡುಕಲು ಹೋಗಲಿಲ್ಲ. ಮರದ ಅಂಗಡಿಯಲ್ಲಿ ಕೂಡುಗೂಟಗಳಿಗಾಗಿ ಮಾರುವ ಬರ್ಚ್ ಮರದ ದುಂಡು ಕೋಲುಗಳನ್ನು ಕೊಂಡು, ಅವುಗಳಲ್ಲಿ ನೆಟ್ಟನೆಯವನ್ನು ಆರಿಸಿ ಬಳಸಿದನು. ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಬಿಲ್ಲುಬಾಣದ ಬೇಟೆ ಮತ್ತೆ ಪ್ರಚಾರಕ್ಕೆ ಬಂದುದಕ್ಕೆ ಅವನ ಪುಸ್ತಕ ಒಂದು ಮುಖ್ಯ ಕಾರಣ. ಮುಂದೆ ಆರೆಗಾನ್ ಕರಾವಳಿಯ ಪೋರ್ಟ್ ಆರ್ಫರ್ಡ್ ದೇವದಾರು ಬಾಣಕ್ಕೆ ಹೆಸರಾಯಿತು. ಅಲ್ಯೂಮಿನಿಯಮ್ಮೂ ಇಂಗಾಲದ ನಾರೂ ಬಂದ ಮೇಲೆಯೂ ಮರದ ಬಾಣವನ್ನೇ ಹಿಡಿದವರು, ಅದರಲ್ಲಿಯೂ ಕಿಸೆ ಭಾರವಿಲ್ಲದವರು, ಬಣ್ಣಕ್ಕೆ ತಮ್ಮದೇ ಉಪಾಯಗಳನ್ನು ಕಂಡುಕೊಂಡರು. ಕೋಲನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಮರದ ಎಳೆಗಳು ನಿಮಿರುತ್ತವೆ. ಒಣಗಿದ ಮೇಲೆ ಅವನ್ನು ಉಜ್ಜಿ ತೆಗೆದರೆ ಮುಂದೆ ಬಣ್ಣ ಒರಟಾಗದು. ತೆಳುಗೊಳಿಸಿದ ಬಣ್ಣವನ್ನು ಉದ್ದನೆಯ ಸಪುರ ಕೊಳವೆಯಲ್ಲಿ ತುಂಬಿ, ಕೋಲನ್ನು ಅದರಲ್ಲಿ ಮುಳುಗಿಸಿ ಮೆಲ್ಲಗೆ ಮೇಲೆಳೆದರೆ ಸ್ವಲ್ಪವೇ ಬಣ್ಣದಲ್ಲಿ ಡಜನುಗಟ್ಟಲೆ ಬಾಣಗಳು ಮುಗಿಯುತ್ತವೆ. ಅದೂ ಬೇಡವೆಂದರೆ ಅಗಸೆಯೆಣ್ಣೆಯನ್ನು ಚಿಂದಿಬಟ್ಟೆಯಿಂದ ತಿಕ್ಕಿದರೆ ಸಾಕು. ಆ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಕಾದು ಹೊತ್ತಿಕೊಳ್ಳುವ ಅಪಾಯವಿದೆ, ಬಿಡಿಸಿ ಒಣಹಾಕಬೇಕು. ಲೇಪ ದಪ್ಪವಾದಷ್ಟೂ ಕೋಲುಗಳ ತೂಕದಲ್ಲಿ ವ್ಯತ್ಯಾಸ ಬರುವುದರಿಂದ ತೆಳು ಲೇಪವೇ ಲೇಸು. ಬೇಟೆಯ ಬಾಣ ಬಿಸಿಲಿಗೆ ಮಿನುಗಬಾರದೆಂದು ಮೈಗೆ ಹೊಳಪಿಲ್ಲದ ವಾರ್ನಿಷು. ಹಿಳುಕಿಗೆ ಮಾತ್ರ ಕೆಂಪೋ ಬಿಳಿಯೋ ಢಾಳಾದ ಬಣ್ಣ. ಜಿಂಕೆಯ ಕಣ್ಣಿಗೆ ಕೆಂಪು ನಮಗೆ ಕಾಣುವಷ್ಟು ಎದ್ದು ಕಾಣದು, ಹುಲ್ಲಿನಲ್ಲಿ ಹುಡುಕುವ ಮನುಷ್ಯನಿಗೆ ಅದು ಬೇಗ ಕಾಣುತ್ತದೆ. ಆ ದೃಷ್ಟಿಯಿಂದ ಇಶಿಯ ಹಸಿರು ಕಪ್ಪು ಉಂಗುರಗಳು ಹುಡುಕುವುದಕ್ಕಿಂತ ಗುರುತಿಸುವುದಕ್ಕೇ ಹೆಚ್ಚು ಉಪಯುಕ್ತವಾಗಿದ್ದಿರಬೇಕೆಂದು ನನಗೆ ತೋರುತ್ತದೆ.

ಹಾಗಿದ್ದರೆ, ಯಾರು ಗುರುತಿಸಬೇಕಾಗಿತ್ತು? ಪ್ರಶ್ನೆ ಕಠಿಣವಾದುದು ಇಲ್ಲಿಯೇ. ಬಾಣದ ಗುರುತು ಇನ್ನೊಬ್ಬ ಬೇಟೆಗಾರನಿಗಾಗಿ ಬರೆದದ್ದು. ಇದು ನನ್ನದು, ನಿನ್ನದಲ್ಲ ಎಂದು ಹೇಳಲು ಕನಿಷ್ಠ ಇಬ್ಬರಾದರೂ ಇರಬೇಕು. ೧೯೦೮ರ ನಂತರ ಕಾಡಿನಲ್ಲಿ ಇಶಿಯ ಉಂಗುರಗಳನ್ನು ಓದಬಲ್ಲವನು ಇಶಿಯೊಬ್ಬನೇ. ವಸ್ತುಸಂಗ್ರಹಾಲಯದ ಕೊಠಡಿಯಲ್ಲಿ ಕುಳಿತು, ಅಂಗಡಿಯ ಬಣ್ಣದಿಂದ, ಹಿಂತುದಿಗೆ ಎರಡು ಅಂಗುಲ ಬಿಟ್ಟು ಅವನು ಮತ್ತೆ ಅದೇ ಉಂಗುರಗಳನ್ನು ಎಳೆದನು. ಪದಾರ್ಥವನ್ನು ಬದಲಾಯಿಸಲು ಅವನು ಹಿಂಜರಿಯಲಿಲ್ಲ, ಅಳತೆಯನ್ನು ಬದಲಾಯಿಸಲಿಲ್ಲ. ಆಯುಸ್ಸಿನ ಬಾಣಕ್ಕೆ ಓದುಗನಿದ್ದನು. ಇಲ್ಲಿ ಓದುಗನಾಗಿ ದೊರೆತವನು ಬೇರೆ ಭಾಷೆಯ, ಬೇರೆ ಜನಾಂಗದ ಒಬ್ಬ ವೈದ್ಯ.

ವಿದ್ವಾಂಸರ ಓದು ಅಲ್ಲಿಗೇ ನಿಲ್ಲಲಿಲ್ಲ. ೧೯೯೦ರ ದಶಕದಲ್ಲಿ ಪುರಾತತ್ತ್ವಜ್ಞ ಸ್ಟೀವನ್ ಷ್ಯಾಕ್ಲಿ ಇಶಿಯ ಕೆತ್ತನೆಯ ಮೊನೆಗಳನ್ನು ಯಾಹಿ ನೆಲೆಗಳಲ್ಲಿ ಅಗೆದಾಗ ಸಿಕ್ಕ ಮೊನೆಗಳೊಂದಿಗೆ ಹೋಲಿಸಿ ನೋಡಿದನು. ಅವು ಹೊಂದಿಕೆಯಾಗಲಿಲ್ಲ. ನೆರೆಯ ವಿಂಟು, ನೊಮ್‌ಲಾಕಿ ಜನರ ಮೊನೆಗಳಿಗೆ ಅವು ಹತ್ತಿರವಾಗಿದ್ದವು. ಇಶಿಯ ತಂದೆಯ ಕಡೆಯವರು ಆ ಜನರಾಗಿರಬಹುದು, ಅಥವಾ ಅಂಥವರೊಬ್ಬರಿಂದ ಅವನು ಕೆತ್ತುವುದನ್ನು ಕಲಿತಿರಬಹುದು ಎಂದು ಅವನ ಅಭಿಪ್ರಾಯ. ಎಲ್ಲರೂ ಇದನ್ನು ಒಪ್ಪಬೇಕೆಂದಿಲ್ಲ. ಆದರೆ ‘ಶುದ್ಧ ಯಾಹಿಯ ಕೊನೆಯ ಕುಡಿ’ ಎಂದು ಪತ್ರಿಕೆಗಳು ಕಟ್ಟಿದ ಚಿತ್ರ ಇದರಿಂದ ಅಲುಗಾಡಿತು. ಹತ್ಯೆಯಿಂದ ತಪ್ಪಿಸಿಕೊಂಡವರು ಕುಲಭೇದವನ್ನು ಮರೆತು ಒಂದೆಡೆ ಸೇರಿರುವುದು ಅಸಂಭವವೇನಲ್ಲ. ತನ್ನ ಹೆಸರನ್ನೇ ಹೇಳದವನು ತನ್ನ ತಂದೆಯ ಮನೆಯ ಸುಳಿವನ್ನು ಬಾಣದಲ್ಲಿ ಬಿಟ್ಟುಹೋಗಿರಬಹುದು.

೧೯೧೪ರ ಮೇ ತಿಂಗಳಲ್ಲಿ ಕ್ರೋಬರ್, ವಾಟರ್‌ಮನ್, ಪೋಪ್ ಇವರೊಡನೆ ಇಶಿ ಡೀರ್ ಕ್ರೀಕ್ ಕಣಿವೆಗೆ ಮರಳಿ ಹೋಗಿ, ತನ್ನ ಹಳೆಯ ಬೀಡುಗಳನ್ನೂ ಬೇಟೆಯ ನೆಲೆಗಳನ್ನೂ ತೋರಿಸಿದನು. ಆ ಪ್ರಯಾಣಕ್ಕೆ ಅವನು ಸುಲಭವಾಗಿ ಒಪ್ಪಿರಲಿಲ್ಲ. ನಗರದ ಗಾಳಿಯ ರೋಗಗಳು ಅವನ ದೇಹಕ್ಕೆ ಹೊಸವು. ಕ್ಷಯ ತಗುಲಿ, ೧೯೧೬ರ ಮಾರ್ಚ್ ೨೫ರಂದು ಅವನು ತೀರಿಕೊಂಡನು. ದೂರದ ನ್ಯೂಯಾರ್ಕಿನಲ್ಲಿದ್ದ ಕ್ರೋಬರ್ ಶವವನ್ನು ಕೊಯ್ದು ಪರೀಕ್ಷಿಸಕೂಡದೆಂದು ಕಾಗದ ಬರೆದಿದ್ದನು. ಅದು ತಲುಪುವುದರೊಳಗೆ ಪರೀಕ್ಷೆ ನಡೆದುಹೋಗಿತ್ತು. ಮೆದುಳನ್ನು ತೆಗೆದು ಬೇರೆ ಇಡಲಾಗಿತ್ತು. ಮರುವರ್ಷ ಅದನ್ನು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳುಹಿಸಲಾಯಿತು. ಕಳುಹಿಸಿದವನೂ ಕ್ರೋಬರನೇ ಎಂಬುದು ಈ ಕಥೆಯ ಕಹಿ. ೨೦೦೦ದ ಆಗಸ್ಟಿನಲ್ಲಿ, ಎಂಬತ್ತನಾಲ್ಕು ವರ್ಷಗಳ ನಂತರ, ಅದನ್ನು ಯಾನಾ ವಂಶದವರನ್ನು ಒಳಗೊಂಡ ರೆಡ್ಡಿಂಗ್ ರಾಂಚೆರಿಯ ಮತ್ತು ಪಿಟ್ ರಿವರ್ ಜನರಿಗೆ ಹಿಂದಿರುಗಿಸಲಾಯಿತು. ೨೦೨೧ರ ಜನವರಿಯಲ್ಲಿ ಬರ್ಕ್ಲಿಯ ವಿಶ್ವವಿದ್ಯಾನಿಲಯ ತನ್ನ ಕಟ್ಟಡವೊಂದರಿಂದ ಕ್ರೋಬರನ ಹೆಸರನ್ನು ತೆಗೆಯಿತು.

ಉಳಿದ ದೇಹವನ್ನು ೧೯೧೬ರಲ್ಲಿಯೇ ದಹನ ಮಾಡಿದ್ದರು. ಪೆಟ್ಟಿಗೆಯಲ್ಲಿ ಅವನ ಸ್ನೇಹಿತರು ಓಕ್ ಕಾಯಿಯ ಹಿಟ್ಟಿನ ಒಂದು ಬುಟ್ಟಿ, ಚಿಪ್ಪಿನ ಮಣಿಗಳು, ಸ್ವಲ್ಪ ಹೊಗೆಸೊಪ್ಪು, ಗಾಜಿನ ಕಲ್ಲಿನ ಚೂರುಗಳು ಮತ್ತು ಅವನ ಬಿಲ್ಲುಗಳಲ್ಲೊಂದನ್ನು ಇಟ್ಟರು. ಬಿಲ್ಲಿನ ಜೊತೆಗೆ ಬಾಣಗಳನ್ನೂ ಇಟ್ಟರು. ಅವು ಐದು.